ಮಗಳು ಕೈಯಿಂದ ಫೋನ್ ಕಸಿದುಕೊಳ್ಳುತ್ತಾಳೆ, ನಿಮ್ಮ ಮನೆಯಲ್ಲೂ ಹೀಗೇನಾ?

ಕೀಲಿಮಣೆ, ಬಾಗಲಕೋಟೆ:
ಎರಡು ವಿಷಯ. ಮೊದಲನೆಯದು ಗೋಳು, ಎರಡನೆಯದು ನಿಜವಾದ ಪ್ರಶ್ನೆ. ಗೋಳು ಓದಲು ಪುರಸೊತ್ತಿಲ್ಲದವರು ಸೀದಾ ಕೊನೆಯ ಪ್ಯಾರಾಕ್ಕೆ ಹೋಗಿ.

ನನಗೀಗ 52. 1991ರಲ್ಲಿ ಹಳೇ ಬಾಗಲಕೋಟೆಯಲ್ಲಿ ಕನ್ನಡ ಬೆರಳಚ್ಚು ಕಲಿತೆ. ಜೂನಿಯರ್, ಆಮೇಲೆ ಸೀನಿಯರ್. ಬೆಳಿಗ್ಗೆ ಆರರ ಬ್ಯಾಚ್. ಹದಿನೈದು ಮಷಿನ್ ಒಮ್ಮೆಗೇ ಬಡಿಯಲು ಶುರುವಾದರೆ ಓಣಿಯ ನಾಯಿಗಳೂ ಎದ್ದು ಹೋಗುತ್ತಿದ್ದವು. 1999ರಲ್ಲಿ ಸಾಲ ಮಾಡಿ ಕಂಪ್ಯೂಟರ್ ತಂದೆ, ಡಿಟಿಪಿ ಅಂಗಡಿ ಹಾಕಿದೆ. ಲಗ್ನಪತ್ರಿಕೆ, ವಾಸ್ತುಶಾಂತಿ, ಜಾತ್ರೆಯ ಹ್ಯಾಂಡ್‌ಬಿಲ್. ಆಗ ನಮ್ಮ ಓಣಿಗೆ ಕಂಪ್ಯೂಟರ್ ಅಂದರೆ ನಾನೇ. ಯಾರ ಮನೆಯ ಟಿವಿಯಲ್ಲಿ ಚಾನೆಲ್ ಹತ್ತದಿದ್ದರೂ, ಯಾರ ವಿಸಿಡಿ ನಿಂತರೂ ನನ್ನನ್ನೇ ಕರೆಯುತ್ತಿದ್ದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು, ಮುಳುಗಡೆಯವರಿಗೆ ಕಟ್ಟಿದ ನವನಗರಕ್ಕೆ ಸಾಮಾನು ಸಾಗಿಸುವಾಗ ಟಂಟಂನಲ್ಲಿ ಮಾನಿಟರನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ.

ಹೋದ ವಾರ ಒಬ್ಬ ಹುಡುಗ ಅಂಗಡಿಗೆ ಬಂದ. ‘ಕಾಕಾ, ಪತ್ರಿಕೆ ಮ್ಯಾಟರ್ ನಾ ಫೋನಿಗೆ ಬಾಯಿಲೇ ಹೇಳೇನಿ, ಅದ ಬರಕೊಂಡೈತಿ. ನೀವು ಬರೇ ಗಣಪತಿ ಫೋಟೋ ಕೂಡಿಸಿ ಕೊಡ್ರಿ’ ಅಂದ. ತಪ್ಪು ಹುಡುಕಬೇಕೆಂದು ಕನ್ನಡಕ ಹಾಕಿಕೊಂಡು ಓದಿದೆ. ಇಡೀ ಪತ್ರಿಕೆಯಲ್ಲಿ ಎರಡೇ ತಪ್ಪು. ಹತ್ತು ಇದ್ದಿದ್ದರೆ ರಾತ್ರಿ ನಿದ್ದೆ ಬರುತ್ತಿತ್ತು.

ಮನೆಗೆ ಬಂದರೆ ಮಗಳು. ದ್ವಿತೀಯ ಪಿಯುಸಿ. ಬ್ಯಾಂಕಿನ ಆ್ಯಪ್‌ನಲ್ಲಿ ಏನೋ ಸಿಕ್ಕಿಹಾಕಿಕೊಂಡಿತ್ತು, ಕೇಳಿದೆ. ‘ಅಪ್ಪಾ, ಕೊಡ್ರಿ ಇಲ್ಲಿ’ ಎಂದು ಕಸಿದುಕೊಂಡು ನಾಲ್ಕು ಸಲ ಒತ್ತಿ ವಾಪಸ್ ಕೊಟ್ಟಳು. ಎಲ್ಲಿ ಒತ್ತಿದಳು ಅಂತ ಕಾಣಲೇ ಇಲ್ಲ. ಮುಂದಿನ ತಿಂಗಳು ಮತ್ತೆ ಕೇಳಬೇಕು. ನೀವೆಲ್ಲ ಯಾವಾಗ ಹಿಂದೆ ಬಿದ್ದಿರಿ? ಯಾವ ಸಾಮಾನಿನ ಹತ್ತಿರ?

ಈಗ ಪ್ರಶ್ನೆ. 1999ರಿಂದ ಸುಮಾರು 2012ರವರೆಗಿನ ಪತ್ರಿಕೆಗಳು 14 ಸಿಡಿಯಲ್ಲಿವೆ. ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಚುಕ್ಕಿ ಇರುವ ಎ, ಬಾಲ ಇರುವ ಸಿ, ಪೌಂಡ್ ಗುರುತು, ಹೀಗೇ ಸಾಲು ಸಾಲು. ಇದನ್ನು ಮತ್ತೆ ಕನ್ನಡ ಮಾಡಬಹುದಾ?

ಗುರೆಳ್ಳು ಚಟ್ನಿ, ಜಮಖಂಡಿ:
ನಮ್ಮಲ್ಲಿ ಕಸಿದುಕೊಳ್ಳುವವನು ಮೊಮ್ಮಗ. ಯುಕೆಜಿ.

ಟಿಳಕವಾಡಿ ತಿರುಗಾಟ, ಬೆಳಗಾವಿ:
ಸರ್, ಮಾಡಬಹುದು. ಗಾಬರಿ ಬೇಡ. ಆಗಿನ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಬಾಡಿಗೆಗೆ ಕೂರಿಸಿದ್ದರು. ಕಂಪ್ಯೂಟರ್ ಲೆಕ್ಕದಲ್ಲಿ ಅದು ಚುಕ್ಕಿಯ ಎ, ಫಾಂಟ್ ಹಾಕಿದರೆ ಮಾತ್ರ ನಮ್ಮ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಮಷಿನ್‌ನಲ್ಲಿ ಬಾಡಿಗೆದಾರ ಖಾಲಿ ಮಾಡಿದ, ಮನೆ ಮಾಲೀಕ ಕಾಣಿಸುತ್ತಿದ್ದಾನೆ ಅಷ್ಟೇ. ಯುನಿಕೋಡ್ ಅಂತ ಜಗತ್ತಿನ ಲಿಪಿಗಳ ಪಟ್ಟಿ ಇದೆ, ಅದರಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ, 1991ರ ಮೊದಲ ಆವೃತ್ತಿಯಿಂದಲೇ. ನಮ್ಮ ಕಂಪ್ಯೂಟರ್‌ಗೆ ಬಂದಿದ್ದು ಮಾತ್ರ ತಡವಾಗಿ. ವಿಂಡೋಸ್ ಎಕ್ಸ್‌ಪಿ ಜತೆ ‘ತುಂಗಾ’ ಫಾಂಟ್ ಬಂತಲ್ಲ, ಆಗ.

ಆಸ್ಕಿಯಿಂದ, ಅಂದರೆ ಆ ಬಾಡಿಗೆ ಮನೆಯಿಂದ, ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪಠ್ಯ ನಕಲು ಮಾಡಿ ಹಾಕಿದರೆ ಆಯಿತು. ನಿಮ್ಮ ಫೈಲ್ ಯಾವುದರಲ್ಲಿವೆ? ಪುಟ ಜೋಡಿಸುವ ಪೇಜ್‌ಮೇಕರಾ?

ಕೀಲಿಮಣೆ, ಬಾಗಲಕೋಟೆ:
ಪೇಜ್‌ಮೇಕರ್ ಜಾಸ್ತಿ. ಸ್ವಲ್ಪ ಕೋರೆಲ್.

ಟಿಳಕವಾಡಿ ತಿರುಗಾಟ, ಬೆಳಗಾವಿ:
ಹಾಗಾದರೆ ಒಂದು ಹಳೇ ಕಂಪ್ಯೂಟರ್ ಹುಡುಕಿ. ಪೇಜ್‌ಮೇಕರ್ 7ರ ಮುಂದೆ ಬೇರೆ ಆವೃತ್ತಿ ಬರಲೇ ಇಲ್ಲ. ಹಳೇ ಮಷಿನ್‌ನಲ್ಲಿ ತೆರೆದು, ಪಠ್ಯವನ್ನು ಮಾತ್ರ ಹೊರಗೆ ತೆಗೆದು, ಪೆನ್‌ಡ್ರೈವ್‌ನಲ್ಲಿ ತನ್ನಿ. ಸಿಡಿಗಳನ್ನು ಮೊದಲು ನಕಲು ಮಾಡಿಕೊಳ್ಳಿ. ಅವು ಮುಲಾಜಿಲ್ಲದೆ ಕೈಕೊಡುತ್ತವೆ.

ಲಾಳಿ ಸದ್ದು, ಇಳಕಲ್:
ಕೀಲಿಮಣೆ ಅಣ್ಣಾ, ನಿಮ್ಮ ಬೆರಳಚ್ಚಿಗೆ ಕೆಲಸ ಇಲ್ಲ ಅಂತ ನಿಮ್ಮ ಗೋಳು. ನಮ್ಮ ಮನೆಯಲ್ಲಿ ಬೆರಳಚ್ಚೇ ಇಲ್ಲ.

ನಮ್ಮ ಅವ್ವ ನಲವತ್ತು ವರ್ಷ ಮಗ್ಗದ ಕೆಲಸ ಮಾಡಿದವಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಅದೇ ನಮ್ಮ ಸೀರೆಯ ಗುರುತು. ದಾರ ಹೊಸೆದು ಹೊಸೆದು ಅವಳ ಹೆಬ್ಬೆರಳು, ತೋರುಬೆರಳು ನುಣ್ಣಗೆ ಬೆಣಚುಕಲ್ಲಾಗಿವೆ. ರೇಷನ್ ಅಂಗಡಿಯಲ್ಲಿ ಥಂಬ್ ಕೊಡು ಅಂದರೆ ಮಷಿನ್ ಕೆಂಪು ದೀಪ ತೋರಿಸುತ್ತದೆ. ಒರೆಸಿ ಇಟ್ಟಳು, ಎಣ್ಣೆ ಹಚ್ಚಿ ಇಟ್ಟಳು, ಸೆರಗಿಗೆ ತಿಕ್ಕಿ ಇಟ್ಟಳು. ಹತ್ತೂ ಬೆರಳು ಮುಗಿದವು. ಹಿಂದೆ ನಿಂತವರು ‘ಯಮ್ಮಾ, ಬಾಜೂಕ ಸರಿ’ ಅನ್ನುತ್ತಾರೆ. ಓಟಿಪಿ ತರಿಸಬಹುದು, ನಿಜ. ಆದರೆ ಕಾರ್ಡಿಗೆ ಜೋಡಿಸಿದ ನಂಬರ್ ತಮ್ಮನದು, ತಮ್ಮ ಪುಣೆಯಲ್ಲಿ ಡ್ಯೂಟಿಯಲ್ಲಿರುತ್ತಾನೆ.

ಅಂದಮೇಲೆ ಹಿಂದೆ ಬಿದ್ದವರು ಯಾರು ಹೇಳಿ, ಅವ್ವನಾ ಮಷಿನ್ನಾ?

ಗುರೆಳ್ಳು ಚಟ್ನಿ, ಜಮಖಂಡಿ:
ಈರುಳ್ಳಿ ಹೆಚ್ಚುವವರು, ಕಬ್ಬು ಕಡಿಯುವವರು, ಗಾರೆ ಕೆಲಸದವರು ಎಲ್ಲರದೂ ಇದೇ ಕಥೆ. ದುಡಿದ ಕೈಯನ್ನು ಆ ಮಷಿನ್ ಗುರುತೇ ಹಿಡಿಯುವುದಿಲ್ಲ.

ಮಚ್ಛೆ ಬಸ್ ಸ್ಟಾಪ್, ಬೆಳಗಾವಿ:
ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಹೇಳಿದರೆ ಎಲ್ಲರೂ ಬೈಯುತ್ತೀರಿ, ಇರಲಿ. ಇದರಲ್ಲಿ ಅರ್ಧ ಹಮ್ಮು. ಅಪ್ಪನಿಗೆ ಹತ್ತು ಸಲ ತೋರಿಸಿದ್ದೇನೆ. ‘ಒಂದು ಹಾಳೆಯಲ್ಲಿ ಬರೆದುಕೊಳ್ಳಿ’ ಅಂದರೆ ಬರೆದುಕೊಳ್ಳುವುದಿಲ್ಲ. ಬರೆದುಕೊಂಡರೆ ಮಗನ ಹತ್ತಿರ ಪಾಠ ಹೇಳಿಸಿಕೊಂಡ ಹಾಗೆ ಆಗುತ್ತದಲ್ಲ! ಹನ್ನೊಂದನೇ ಸಲಕ್ಕೆ ಸಿಟ್ಟು ಬರುತ್ತದೆ, ಕಸಿದುಕೊಳ್ಳುತ್ತೇವೆ.

ಇನ್ನೊಂದು, ನಾವೇನು ಮುಂದೆ ಇದ್ದೇವೆ ಅಂದುಕೊಂಡಿದ್ದೀರಾ? ಮೊದಲ ವರ್ಷ ಕಷ್ಟಪಟ್ಟು ಕಲಿತ ಕೋಡಿಂಗ್ ಕೆಲಸವನ್ನು ಈಗ ಎಐ ನಿಮಿಷದಲ್ಲಿ ಬರೆದು ಕೊಡುತ್ತದೆ. ಇಂಟರ್‌ವ್ಯೂಗೆ ಹೋದರೆ ಎಐ ಬಳಸಲು ಬರುತ್ತದಾ ಅಂತ ಕೇಳುತ್ತಾರೆ. ನನಗೆ 22. ಆಗಲೇ ಹಿಂದೆ ಬಿದ್ದಿದ್ದೇನೆ.

ಪಡಸಾಲೆ ಅಕ್ಕ, ವಿಜಯಪುರ:
ತಮ್ಮಾ, ಹಮ್ಮು ಅಂದೆಯಲ್ಲ, ನಿಮ್ಮ ಅವ್ವನ ಕೈಯಲ್ಲಿ ಯಾವ ಫೋನ್ ಇದೆ ನೋಡಿದ್ದೀಯಾ?

ನಮ್ಮ ಮನೆಯದು ಹೇಳುತ್ತೇನೆ. ಹೊಸ ಫೋನ್ ಯಜಮಾನರಿಗೆ ಅಥವಾ ಮಗನಿಗೆ. ಅವರು ಬಿಟ್ಟಿದ್ದು ನನಗೆ. ಮೂಲೆ ಒಡೆದಿರುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೆ ಮಲಗುತ್ತದೆ, ಏನು ಹಾಕಲು ಹೋದರೂ ‘ಜಾಗ ಇಲ್ಲ’ ಅನ್ನುತ್ತದೆ. ಅದರಲ್ಲೇ ನಾನು ಕಲಿಯಬೇಕು. ನಾನು ನಿಧಾನ ಅನ್ನುತ್ತಾರೆ. ನನ್ನ ಕೈಯಲ್ಲಿರುವ ಫೋನ್ ನಿಧಾನ, ಅದನ್ನು ಯಾರೂ ನೋಡುವುದಿಲ್ಲ.

ಗೃಹಲಕ್ಷ್ಮಿಯ ಎರಡು ಸಾವಿರ ಬಂತಾ ಅಂತ ನೋಡಲು ಕೂಡ ಮೊದಮೊದಲು ಅವರನ್ನೇ ಕೇಳುತ್ತಿದ್ದೆ. ನನ್ನ ಹೆಸರಿನ ದುಡ್ಡು, ಮೆಸೇಜ್ ಅವರ ಫೋನಿಗೆ! ಒಂದು ದಿನ ಬ್ಯಾಂಕಿಗೆ ನಾನೇ ಹೋಗಿ ನಂಬರ್ ಬದಲಿಸಿಕೊಂಡು ಬಂದೆ. ಮನೆಯಲ್ಲಿ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಸರಿಹೋದರು, ಸಂತೆಗೆ ದುಡ್ಡು ಬೇಕಿತ್ತು.

ಮಚ್ಛೆ ಬಸ್ ಸ್ಟಾಪ್, ಬೆಳಗಾವಿ:
ಅಕ್ಕಾ, ಅವ್ವನ ಫೋನ್ ನೋಡಿ ಬಂದೆ. ನಾನು ಎಸೆಸೆಲ್ಸಿಯಲ್ಲಿ ಇದ್ದಾಗ ಬಳಸಿದ್ದು. ಸುಮ್ಮನಾಗುತ್ತೇನೆ.

ದಪ್ತರ, ಗೋಕಾಕ ಕಡೆಯವ:
ನಾನು ನಿವೃತ್ತ ತಲಾಟಿ. ಆಮೇಲೆ ಗ್ರಾಮ ಲೆಕ್ಕಿಗ ಅಂದರು, ಈಗಿನವರು ಗ್ರಾಮ ಆಡಳಿತ ಅಧಿಕಾರಿ ಅಂತಾರೆ, ನಮ್ಮ ಕಡೆ ತಲಾಟಿ ಅಂದರೇ ಗೊತ್ತಾಗುವುದು. ಎಲ್ಲರೂ ಹಿಂದೆ ಬಿದ್ದ ದುಃಖ ಹೇಳಿದ್ದೀರಿ. ನನ್ನದು ಸ್ವಲ್ಪ ಬೇರೆ, ಹೇಳಲು ಸಂಕೋಚವೂ ಇದೆ.

ಉತಾರ, ಅಂದರೆ ಪಹಣಿ, ಬೇಕು ಅಂದರೆ ರೈತ ನನ್ನ ಹತ್ತಿರ ಬರಬೇಕಿತ್ತು. ಎಂಟು ಊರಿನ ದಪ್ತರ ನನ್ನ ಕಪಾಟಿನಲ್ಲಿ. ನಾನು ಇದ್ದರೆ ಇದ್ದೆ, ಇಲ್ಲದಿದ್ದರೆ ಇಲ್ಲ. ‘ನಾಳೆ ಬಾ’ ಅಂದರೆ ನಾಳೆ ಬರುತ್ತಿದ್ದ. ಚಹಾ ಅವನೇ ಕುಡಿಸುತ್ತಿದ್ದ. 2000ದ ಹೊತ್ತಿಗೆ ‘ಭೂಮಿ’ ಬಂತು. ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್, ಹದಿನೈದು ರೂಪಾಯಿ ಕೊಟ್ಟರೆ ಉತಾರ ಕೈಗೆ. ಕೈಬರಹದ ಉತಾರ ನಡೆಯುವುದಿಲ್ಲ ಅಂತ ಆದೇಶ ಬಂದ ದಿನ ನಾನು ಊಟ ಮಾಡಲಿಲ್ಲ. ಕಂಪ್ಯೂಟರ್ ಕಲಿಯಲು ಬರುತ್ತಿರಲಿಲ್ಲ ಅಂತಲ್ಲ. ಕಲಿತರೂ ಆ ಕುರ್ಚಿ ಇನ್ನು ಸಿಗುವುದಿಲ್ಲ ಅಂತ ಗೊತ್ತಾಗಿತ್ತು.

ರೈತನಿಗೆ ಒಳ್ಳೆಯದಾಯಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪ್ಯೂಟರ್‌ಗೆ ಏರಿಸುವಾಗ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ, ಅದನ್ನು ತಿದ್ದಿಸಲು ಆ ರೈತ ತಿರುಗಿದ ತಿರುಗಾಟ ಇದೆಯಲ್ಲ, ಅದು ಹಳೇ ‘ನಾಳೆ ಬಾ’ಕ್ಕಿಂತ ಕಡಿಮೆ ಏನಲ್ಲ. ನನಗಾದರೆ ಎದುರಿಗೆ ನಿಂತು ಬೈಯಬಹುದಿತ್ತು. ಸರ್ವರ್‌ಗೆ ಹೇಗೆ ಬೈಯುವುದು?

ಲಾಳಿ ಸದ್ದು, ಇಳಕಲ್:
ಚಹಾದ ಲೆಕ್ಕ ಒಪ್ಪಿಕೊಂಡ ಮೊದಲ ತಲಾಟಿ ನೀವೇ ಇರಬೇಕು ಅಜ್ಜಾ.

ದಪ್ತರ, ಗೋಕಾಕ ಕಡೆಯವ:
ಚಹಾ ಮಾತ್ರ ಒಪ್ಪಿಕೊಂಡಿದ್ದೇನೆ.

ಗುಮ್ಮಟದ ಪ್ರತಿಧ್ವನಿ, ವಿಜಯಪುರ:
ನಾನು ಹಿಂದೆ ಬಿದ್ದಿದ್ದು ಪಟ್ಟಿಯಿಂದ ಊರು ಆರಿಸುವ ಜಾಗದಲ್ಲಿ. ಅಳಿಯನಿಗೆ ಗಡಿಯಾರ ತರಿಸಬೇಕಿತ್ತು. ಆನ್‌ಲೈನ್‌ನಲ್ಲಿ ವಿಳಾಸ ತುಂಬುವಾಗ ಜಿಲ್ಲೆಯ ಪಟ್ಟಿಯಲ್ಲಿ ‘ಬಿಜಾಪುರ’ ಕಂಡಿತು. ಅರವತ್ತು ವರ್ಷ ಅದೇ ಹೆಸರು ಹೇಳಿ ರೂಢಿ, ಒತ್ತಿಬಿಟ್ಟೆ. ಅದು ಛತ್ತೀಸ್‌ಗಢದ ಬಿಜಾಪುರ. ಗಡಿಯಾರ ಬಸ್ತರ್ ಕಡೆ ತಿರುಗಾಡಿ ಇಪ್ಪತ್ತೆರಡು ದಿನಕ್ಕೆ ಬಂತು. ಅಷ್ಟರಲ್ಲಿ ದೀಪಾವಳಿ ಮುಗಿದು ಅಳಿಯ ಮುನಿಸಿಕೊಂಡು ಹೋಗಿದ್ದ.

ಖಡೇಬಜಾರ್, ಬೆಳಗಾವಿ:
ಪಿನ್‌ಕೋಡ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ, 586101. ಅಂದಹಾಗೆ ಹೆಸರು ಬದಲಾಗಿದ್ದು 2014ರ ರಾಜ್ಯೋತ್ಸವಕ್ಕೆ. ಬೆಳಗಾವಿಯದೂ ಅವತ್ತೇ. ಒಟ್ಟು ಹನ್ನೆರಡು ಊರು. ಬಾಗಲಕೋಟೆ ಆ ಪಟ್ಟಿಯಲ್ಲಿ ಇರಲಿಲ್ಲ.

ಗುಮ್ಮಟದ ಪ್ರತಿಧ್ವನಿ, ವಿಜಯಪುರ:
ಪಿನ್‌ಕೋಡ್ ಹಾಕಿದ್ದೆ ಮಾರಾಯ. ಪಿನ್‌ಕೋಡ್ ವಿಜಯಪುರದ್ದು, ಜಿಲ್ಲೆ ಛತ್ತೀಸ್‌ಗಢದ್ದು. ಮನುಷ್ಯ ಆಗಿದ್ದರೆ ‘ಯಜಮಾನ್ರ, ಎರಡು ತಾಳೆ ಆಗವಲ್ದು’ ಅಂತ ಕೇಳುತ್ತಿದ್ದ.

ಖಡೇಬಜಾರ್, ಬೆಳಗಾವಿ:
ಸರಿ, ಒಪ್ಪಿದೆ. ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮದು ಎಸ್‌ಟಿಡಿ ಬೂತ್. ಹಳದಿ ಬೋರ್ಡ್, ಗಾಜಿನ ಪೆಟ್ಟಿಗೆ, ಒಳಗೆ ಕೆಂಪು ಅಂಕಿ ಓಡುವ ಮೀಟರ್. ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ಬೀದಿಗೆ ಬರುತ್ತಿತ್ತು. ಸೈನ್ಯದ ಹುಡುಗರು ಜಾಸ್ತಿ, ಮರಾಠಾ ರೆಜಿಮೆಂಟಿನವರು. ಮೀಟರ್ ನೋಡಿಕೊಂಡೇ ಮಾತಾಡುತ್ತಿದ್ದರು. ನಾನು ಬೇಕೆಂದೇ ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದೆ. ಆದರೂ ಕಿವಿಗೆ ಬೀಳುತ್ತಿತ್ತು.

ಮೊಬೈಲ್ ಬಂದಾಗ ನಾನು ನಕ್ಕಿದ್ದೆ. ಬಂದ ಕರೆಗೂ ದುಡ್ಡು ಕೊಡುವ ಫೋನ್ ಯಾರು ತಗೊಳ್ಳುತ್ತಾರೆ ಅಂತ. 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಯಿತು ನೋಡಿ, ನನ್ನ ನಗು ಅಲ್ಲಿಗೆ ನಿಂತಿತು. ಆಮೇಲೆ ಜೆರಾಕ್ಸ್ ಹಾಕಿದೆ. ಆಮೇಲೆ ರೀಚಾರ್ಜ್, ಸಿಮ್. ಈಗ ಅದೇ ಜಾಗದಲ್ಲಿ ಮಗ ಮೊಬೈಲ್ ಕವರ್, ಗಾಜು ಮಾರುತ್ತಾನೆ. ಕೌಂಟರ್ ಮೇಲಿನ ಡಬ್ಬಿ ‘ನೂರೈವತ್ತು ರೂಪಾಯಿ ಬಂದಿದೆ’ ಅಂತ ಕೂಗುತ್ತದೆ. ಗಲ್ಲಾಪೆಟ್ಟಿಗೆ ಮುಟ್ಟಿ ನಮಸ್ಕಾರ ಮಾಡುವುದು ಮಾತ್ರ ನಾನು ಬಿಟ್ಟಿಲ್ಲ. ಮಗ ಡಬ್ಬಿಗೂ ಊದಿನಕಡ್ಡಿ ಬೆಳಗುತ್ತಾನೆ.

ಪಡಸಾಲೆ ಅಕ್ಕ, ವಿಜಯಪುರ:
ಡಬ್ಬಿಗೆ ಊದಿನಕಡ್ಡಿ! ನಮ್ಮ ಹಾಲಿನವನೂ ಹಾಗೇ.

ಗುರೆಳ್ಳು ಚಟ್ನಿ, ಜಮಖಂಡಿ:
ಒಂದು ಎಚ್ಚರಿಕೆ, ವಿಷಯಕ್ಕೆ ಸಂಬಂಧ ಇದೆ. ಪರಿಚಯದವರ ನಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆ ಬಂತು. ‘ತಪ್ಪದೇ ಬನ್ನಿ’ ಅಂತ ಕೆಳಗೆ ಫೈಲ್. ಒತ್ತಿದೆ. ಪತ್ರಿಕೆ ತೆರೆಯಲಿಲ್ಲ, ‘ಇನ್‌ಸ್ಟಾಲ್ ಮಾಡಲಾ’ ಅಂತ ಕೇಳಿತು. ಹೂಂ ಅಂದೆ. ರಾತ್ರಿಯೊಳಗೆ ಖಾತೆಯಿಂದ 18,000 ಹೋಯಿತು. ಫೈಲ್ ಹೆಸರಿನ ಕೊನೆಗೆ ಎಪಿಕೆ ಅಂತ ಇದ್ದರೆ ಅದು ಪತ್ರಿಕೆ ಅಲ್ಲ, ಆ್ಯಪ್. ಒಳಗೆ ಕೂತು ನಿಮ್ಮ ಓಟಿಪಿ ಓದುತ್ತದೆ. ಹೀಗಾದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ದುಡ್ಡು ಉಳಿಯುವ ಸಾಧ್ಯತೆ ಇದೆ. ನಾನು ಮರುದಿನ ಮಧ್ಯಾಹ್ನ ಮಾಡಿದೆ. ನಾಚಿಕೆ ಆಗಿತ್ತು, ಮಗನಿಗೆ ಹೇಳಲು ಧೈರ್ಯ ಬರಲಿಲ್ಲ.

ಟಿಳಕವಾಡಿ ತಿರುಗಾಟ, ಬೆಳಗಾವಿ:
ಕಳ್ಳನಿಗೆ ಅನುಕೂಲ ಆಗಿದ್ದು ಆ ನಾಚಿಕೆ. ಮಗ ಬೈಯುತ್ತಾನೆ ಅಂತ ಒಂದು ರಾತ್ರಿ ಸುಮ್ಮನಿರುತ್ತಾರೆ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ. ಮನೆಯಲ್ಲಿ ಬೈಯುವ ಮಕ್ಕಳೂ ಇದನ್ನು ಓದಲಿ.

ಮಚ್ಛೆ ಬಸ್ ಸ್ಟಾಪ್, ಬೆಳಗಾವಿ:
ಓದಿದೆ. ಕಾಕಾ, ನಿಮ್ಮ 18,000 ವಾಪಸ್ ಬಂತಾ?

ಗುರೆಳ್ಳು ಚಟ್ನಿ, ಜಮಖಂಡಿ:
ಮೂರು ಸಾವಿರ ತಡೆಹಿಡಿದಿದ್ದಾರಂತೆ. ಉಳಿದದ್ದು ಲಗ್ನಕ್ಕೆ ಹೋಗಿ ಆಹೇರಿ ಮಾಡಿ ಬಂದೆ ಅಂದುಕೊಂಡಿದ್ದೇನೆ.

ಕೀಲಿಮಣೆ, ಬಾಗಲಕೋಟೆ:
ಐದು ದಿನ ಆದಮೇಲೆ ಬಂದಿದ್ದೇನೆ. ಎಲ್ಲ ಓದಿದೆ. ಲಗ್ನಪತ್ರಿಕೆ ತೆರೆಯಲೂ ಜನ ಹೆದರುವ ಕಾಲ ಬಂತಲ್ಲ ಅಂತ ಬೇಜಾರಾಯಿತು. ಅದು ನಮ್ಮ ಕಸುಬು.

ಹುಡುಗ ಹಮ್ಮು ಅಂದಿದ್ದಕ್ಕೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಮೊದಲು ಹಿಂದೆ ಬಿದ್ದಿದ್ದು ಫೋನ್ ಹತ್ತಿರ ಅಲ್ಲವೇ ಅಲ್ಲ. ಕಂಪ್ಯೂಟರ್ ತಂದ ದಿನವೇ. ಟೈಪ್‌ರೈಟರ್ ಕೀಲಿಮಣೆ ನನ್ನ ಬೆರಳಿಗೆ ಅಂಟಿತ್ತು, ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಇಲ್ಲಿ ನೋಡಿದರೆ ಕಂಪ್ಯೂಟರ್ ಕನ್ನಡಕ್ಕೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಇಂಗ್ಲಿಷಿನ ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ಎಫ್. ಮಕ್ಕಳಾಟ ಅಂತ ಬೈದೆ. ಏಳು ವರ್ಷ ಕಲಿತ ಬೆರಳನ್ನು ಮರೆಸಲು ಮೂರು ತಿಂಗಳು ಹಿಡಿಯಿತು. ಆಗ ಹೇಳಿಕೊಟ್ಟವನು ನನಗಿಂತ ಹತ್ತು ವರ್ಷ ಚಿಕ್ಕ ಹುಡುಗ, ಹುಬ್ಬಳ್ಳಿಯವನು. ಅವನ ಹತ್ತಿರ ನಾನೂ ಬರೆದುಕೊಂಡಿರಲಿಲ್ಲ. ಅವನು ಚಹಾಕ್ಕೆ ಹೋದಾಗ ಬಚ್ಚಲಿಗೆ ಹೋಗಿ ಬೀಡಿ ಪೊಟ್ಟಣದ ಮೇಲೆ ಬರೆದುಕೊಳ್ಳುತ್ತಿದ್ದೆ.

ಇನ್ನು ಸಿಡಿ. ಹದಿನಾಲ್ಕರಲ್ಲಿ ಹನ್ನೊಂದು ತೆರೆದವು. ಪರಿವರ್ತಕ ಕೆಲಸ ಮಾಡಿತು, ಟಿಳಕವಾಡಿ ಸರ್‌ಗೆ ದೊಡ್ಡ ನಮಸ್ಕಾರ. ಮೊದಲು ಬಂದಿದ್ದು 2004ರ ಒಂದು ಪತ್ರಿಕೆ, ಮುಧೋಳದ ಬೀಗರು. ‘ಚಿ. ಸೌ. ಕುಂ.’ ಅಂತ ಶುರುವಾಗುವುದನ್ನು ನೋಡಿ ಮಗಳು ‘ಇದೇನು ಕೋಡಾ?’ ಅಂತ ಕೇಳಿದಳು. ಬಿಡಿಸಿ ಹೇಳಿದೆ. ಪಕ್ಕ ಕೂತಳು. ಆದರೆ ಒಂದು ಕಡೆ ಇಬ್ಬರೂ ಸಿಕ್ಕಿಬಿದ್ದೆವು. ವರನ ವಿವರದಲ್ಲಿ ‘ರ‍್ಯಾಂಕ್’ ಅಂತ ಇತ್ತು. ಪರಿವರ್ತಕ ಅದನ್ನು ‘ರ್ಯಾಂಕ್’ ಮಾಡಿದೆ, ರ ಹಾರಿ ಅರ್ಕಾವತ್ತಾಗಿ ಯಾ ಹಿಂದೆ ಕೂತಿದೆ. ಅವಳು ಫೋನ್‌ನಲ್ಲಿ ಎಷ್ಟು ಸಲ ಹೊಡೆದರೂ ಹಾಗೇ. ನನ್ನ ಟೈಪ್‌ರೈಟರ್‌ನಲ್ಲಿ ರ ಹೊಡೆದು ಕೆಳಗೆ ಯ ಒತ್ತು ಹೊಡೆದರೆ ಮುಗಿದಿತ್ತು.

ಟಿಳಕವಾಡಿ ತಿರುಗಾಟ, ಬೆಳಗಾವಿ:
ಅದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು, ಜೀರೋ ವಿಡ್ತ್ ಜಾಯ್ನರ್ ಅಂತ. ಆಮೇಲೆ ಒತ್ತು, ಆಮೇಲೆ ಯ. ಎಷ್ಟೋ ಫೋನ್ ಕೀಲಿಮಣೆಯಲ್ಲಿ ಅದು ಸಿಗುವುದೇ ಇಲ್ಲ. ನೀವು ಮೇಲೆ ಸರಿಯಾಗಿ ಬರೆದಿದ್ದೀರಲ್ಲ, ಅದನ್ನೇ ನಕಲು ಮಾಡಿ ಇಟ್ಟುಕೊಳ್ಳಿ.

ಕೀಲಿಮಣೆ, ಬಾಗಲಕೋಟೆ:
ಅದು ಮಗಳು ಎಲ್ಲಿಂದಲೋ ಹುಡುಕಿ ನಕಲು ಮಾಡಿದ್ದು.

ಲಾಳಿ ಸದ್ದು, ಇಳಕಲ್:
ಅಣ್ಣಾ, 2006ರ ಸಿಡಿ ತೆರೆದಿದೆಯಾ? ನಮ್ಮ ಅಕ್ಕನ ಲಗ್ನದ ಪತ್ರಿಕೆ ನವನಗರದಲ್ಲೇ ಮಾಡಿಸಿದ್ದು. ಅದರಲ್ಲಿ ಅಪ್ಪನ ಹೆಸರು ತಪ್ಪಾಗಿತ್ತು, ಇವತ್ತಿಗೂ ಮನೆಯಲ್ಲಿ ಜಗಳ ಇದೆ. ನಿಮ್ಮ ಅಂಗಡಿ ಆಗಿರಲಿಕ್ಕಿಲ್ಲ.

ಕೀಲಿಮಣೆ, ಬಾಗಲಕೋಟೆ:
2006 ತೆರೆಯದ ಮೂರರಲ್ಲಿ ಒಂದು. ದೇವರು ದೊಡ್ಡವನು.

ದಪ್ತರ, ಗೋಕಾಕ ಕಡೆಯವ:
ಇವರೂ ಚಹಾ ಮಾತ್ರ ಒಪ್ಪಿಕೊಳ್ಳುವವರ ಪೈಕಿ.

ಪಡಸಾಲೆ ಅಕ್ಕ, ವಿಜಯಪುರ:
ಸರ್, ನನ್ನ ಹತ್ತಿರವೂ ಹಳೇ ಫಾಂಟಿನ ಒಂದು ಸಿಡಿ ಇದೆ, ಅತ್ತೆ ಹೇಳಿದ ಹಂತಿ ಪದ, ಕಣದಲ್ಲಿ ರಾಶಿ ಮಾಡುವಾಗಿನ ಹಾಡು, ಟೈಪ್ ಮಾಡಿಸಿದ್ದು. ಮುಂದಿನ ವಾರ ಬಾಗಲಕೋಟೆಗೆ ಬರುವುದಿದೆ. ಯಾವ ದಿನ ಅಂಗಡಿಯಲ್ಲಿ ಇರುತ್ತೀರಿ?

ಕೀಲಿಮಣೆ, ಬಾಗಲಕೋಟೆ:
ಮಂಗಳವಾರ ಒಂದು ಬಿಟ್ಟು ಯಾವತ್ತಾದರೂ ಬನ್ನಿ ಅಕ್ಕಾ. ಮಂಗಳವಾರ ಲೈನ್ ರಿಪೇರಿ ಅಂತ ಕರೆಂಟ್ ತೆಗೆಯುತ್ತಾರೆ.